ದೀಪಾವಳಿಯ ಬಾಣಬಿರುಸು ಮತ್ತು ಸಾಕುಪ್ರಾಣಿಗಳ ರಕ್ಷಣೆ

ದೀಪಾವಳಿಯು ಪ್ರಾಣಿಗಳನ್ನು ಮರೆಯದ ಹಬ್ಬ. ಕರ್ನಾಟಕದ ಹಳ್ಳಿಗಳಲ್ಲಿ ಬಲಿಪಾಡ್ಯಮಿಯಂದು ದನಕರುಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಮಾಲೆ ಹಾಕಿ, ಆರತಿಯೆತ್ತಿ, ಹಬ್ಬದಡುಗೆಯನ್ನು ಅವುಗಳಿಗೆ ಉಣಿಸುವ ವಾಡಿಕೆ ಇಂದಿಗೂ ಉಂಟು. ಮಹಾರಾಷ್ಟ್ರದಲ್ಲಿ ವಸುಬಾರಸದ ದಿನ ಕರುವಿನೊಡಗೂಡಿದ ಹಸುವಿಗೆ ಪೂಜೆ ಸಲ್ಲುತ್ತದೆ. ನೇಪಾಳದಲ್ಲಿ ಚತುರ್ದಶಿಯ ದಿನವನ್ನು ‘ಕುಕುರ ತಿಹಾರ’ವೆಂದು ಕರೆದು, ನಾಯಿಗಳ ಹಣೆಗೆ ತಿಲಕವಿಟ್ಟು, ಚೆಂಡುಹೂವಿನ ಮಾಲೆ ತೊಡಿಸಿ, ಒಳ್ಳೆಯ ತಿನಿಸನ್ನು ಕೊಡುತ್ತಾರೆ. ಹೀಗಿದ್ದೂ ಮುಂಬಯಿ, ಪುಣೆ, ಚೆನ್ನೈ, ದೆಹಲಿಗಳಂಥ ನಗರಗಳಲ್ಲಿ ಅದೇ ಹಬ್ಬದ ರಾತ್ರಿ ಮನೆಯ ನಾಯಿ ಮಂಚದಡಿಯಲ್ಲಿ ನಡುಗುತ್ತ ಮಲಗಿರುತ್ತದೆ. ಬೆಕ್ಕು ಕಪಾಟಿನ ಹಿಂದೆ ಅವಿತು ಮರುದಿನವೂ ಹಾಲು ಮುಟ್ಟುವುದಿಲ್ಲ. ಬಾಗಿಲು ತೆರೆದ ಒಂದು ಕ್ಷಣದಲ್ಲಿ ಹೊರಗೋಡಿದ ಪ್ರಾಣಿ ಮರಳಿ ಬಾರದಿರುವುದೂ ಉಂಟು. ಈ ವೈಪರೀತ್ಯಕ್ಕೆ ಕಾರಣವೇನು, ಗೃಹಸ್ಥನಾದವನು ಕೈಗೊಳ್ಳಬಹುದಾದ ಉಪಾಯಗಳಾವುವು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಬಾಣಬಿರುಸಿನ ಹಿನ್ನೆಲೆ

ಭಾರತದಲ್ಲಿ ಬಾಣಬಿರುಸುಗಳ ಇತಿಹಾಸವನ್ನು ಕ್ರಮವಾಗಿ ಸಂಶೋಧಿಸಿದವರಲ್ಲಿ ಪುಣೆಯ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರದ ಪರಶುರಾಮ ಕೃಷ್ಣ ಗೋಡೆಯವರು ಪ್ರಮುಖರು. ೧೪೦೦ರಿಂದ ೧೯೦೦ರವರೆಗಿನ ಅವಧಿಯನ್ನು ಕುರಿತ ಅವರ ಪ್ರಬಂಧವು ೧೯೫೩ರಲ್ಲಿ ಬೆಂಗಳೂರಿನಿಂದ ಪ್ರಕಟವಾಯಿತು. ಅವರು ಎತ್ತಿಕೊಂಡ ಹಳೆಯ ಆಧಾರಗಳಲ್ಲೊಂದು ಕನ್ನಡನಾಡಿಗೇ ಸಂಬಂಧಿಸಿದ್ದು. ೧೪೪೩ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದಿದ್ದ ಪಾರಸೀಕ ರಾಯಭಾರಿ ಅಬ್ದುರ್ ರಜಾಕನು ವಿಜಯನಗರದ ಮಹೋತ್ಸವವನ್ನು ವರ್ಣಿಸುವಾಗ ಅಲ್ಲಿ ಪ್ರದರ್ಶಿತವಾದ ಬಗೆಬಗೆಯ ಬಾಣಬಿರುಸುಗಳನ್ನೂ ಹೆಸರಿಸಿದ್ದಾನೆ.

ಆದರೆ ಆ ಕಾಲದ ಬಾಣಬಿರುಸು ಅರಮನೆಯ ವೈಭವ. ವಿಶಾಲವಾದ ಬಯಲಿನಲ್ಲಿ, ನುರಿತವರ ಕೈಯಲ್ಲಿ ನಡೆಯುತ್ತಿದ್ದ ಆ ಪ್ರದರ್ಶನವನ್ನು ಪ್ರಜೆಗಳು ದೂರದಿಂದ ನೋಡುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ತಮಿಳುನಾಡಿನ ಶಿವಕಾಶಿಯಲ್ಲಿ ಪಟಾಕಿಯ ಉದ್ಯಮವು ಬೆಳೆದ ಮೇಲೆ ಅದು ಅಗ್ಗವಾಗಿ ಪ್ರತಿ ಮನೆಯ ಅಂಗಳಕ್ಕೂ ಬಂದಿತು. ಮಹಾನಗರಗಳಲ್ಲಿ ಅಂಗಳವೇ ಇಲ್ಲ. ಎತ್ತರದ ನಾಲ್ಕು ಕಟ್ಟಡಗಳ ನಡುವಣ ಕಿರಿದಾದ ಆವರಣವೇ ಎಲ್ಲರ ಅಂಗಳ. ಸ್ಫೋಟಕ್ಕೂ ಮನೆಗೂ ನಡುವೆ ಇದ್ದ ದೂರವು ಹೀಗೆ ಅಳಿದುಹೋಯಿತು. ಸಾಕುಪ್ರಾಣಿಗಳ ಸಂಕಟಕ್ಕೆ ಮೂಲವಿರುವುದು ಇಲ್ಲಿಯೇ.

ಸದ್ದಿನ ಲೆಕ್ಕ

ಮನುಷ್ಯನ ಕಿವಿಗೆ ಕ್ಷಣಕ್ಕೆ ಸುಮಾರು ೨೦ರಿಂದ ೨೦,೦೦೦ ಕಂಪನಗಳವರೆಗಿನ ಧ್ವನಿ ಕೇಳಿಸುತ್ತದೆ. ನಾಯಿಗೆ ಈ ಮೇಲಿನ ಎಲ್ಲೆ ಸುಮಾರು ೪೫,೦೦೦. ಬೆಕ್ಕಿಗೆ ಸುಮಾರು ೮೫,೦೦೦. ಇಲಿಗಳ ಸಣ್ಣ ಕೀಚುಧ್ವನಿಯನ್ನು ಕತ್ತಲಲ್ಲಿ ಹಿಡಿದು ಬದುಕಬೇಕಾದ ಜೀವಕ್ಕೆ ಪ್ರಕೃತಿಯಿತ್ತ ಶಕ್ತಿ ಅದು. ಪಟಾಕಿಯ ಸ್ಫೋಟದಲ್ಲಿ ಕೆಳಸ್ವರಗಳಿಂದ ಹಿಡಿದು ಅತಿ ಮೇಲಣ ಸ್ವರಗಳವರೆಗೆ ಎಲ್ಲವೂ ಒಮ್ಮೆಗೇ ಸಿಡಿಯುತ್ತವೆ. ಆದಕಾರಣ ಯಜಮಾನನು ಕೇಳುವ ಸದ್ದು ಮತ್ತು ಅವನ ಕಾಲಬಳಿ ಮಲಗಿರುವ ಪ್ರಾಣಿಯು ಕೇಳುವ ಸದ್ದು ಒಂದೇ ಅಲ್ಲ.

೧೯೯೯ರಲ್ಲಿ ಕೇಂದ್ರ ಸರಕಾರವು ಹೊರಡಿಸಿದ ನಿಯಮದ ಪ್ರಕಾರ ಸಿಡಿದ ಸ್ಥಳದಿಂದ ೪ ಮೀಟರ್ ದೂರದಲ್ಲಿ ೧೨೫ ಡೆಸಿಬೆಲ್ಲನ್ನು ಮೀರಿ ಶಬ್ದಮಾಡುವ ಪಟಾಕಿಯ ತಯಾರಿಕೆ, ಮಾರಾಟ, ಬಳಕೆ ಮೂರೂ ನಿಷಿದ್ಧ. ಈ ಅಂಕೆಯನ್ನು ಬಿಡಿಸಿ ನೋಡುವುದು ಉಪಯುಕ್ತ. ತೆರೆದ ಬಯಲಿನಲ್ಲಿ ದೂರವು ಇಮ್ಮಡಿಯಾದಾಗಲೆಲ್ಲ ಶಬ್ದವು ಸುಮಾರು ೬ ಡೆಸಿಬೆಲ್ಲಿನಷ್ಟು ತಗ್ಗುತ್ತದೆ. ಅಂದರೆ ೮ ಮೀಟರಿನಲ್ಲಿ ೧೧೯, ೧೬ ಮೀಟರಿನಲ್ಲಿ ೧೧೩, ೩೨ ಮೀಟರಿನಲ್ಲಿ ೧೦೭. ಮೂವತ್ತೆರಡು ಮೀಟರ್ ಎಂದರೆ ಸುಮಾರು ಹತ್ತು ಅಂತಸ್ತುಗಳ ಎತ್ತರ. ಸಾಮಾನ್ಯ ಮಾತುಕತೆಯ ಧ್ವನಿ ೬೦ ಡೆಸಿಬೆಲ್ಲಿನ ಆಸುಪಾಸಿನಲ್ಲಿರುತ್ತದೆ. ಪ್ರತಿ ೧೦ ಡೆಸಿಬೆಲ್ಲಿಗೂ ಧ್ವನಿಯ ಶಕ್ತಿ ಹತ್ತುಪಟ್ಟಾಗುತ್ತದೆ. ಕ್ಷಣಿಕ ಸ್ಫೋಟವನ್ನು ಅಳೆಯುವ ಕ್ರಮವೂ ಎಡೆಬಿಡದ ಧ್ವನಿಯನ್ನು ಅಳೆಯುವ ಕ್ರಮವೂ ಬೇರೆಬೇರೆಯಾದುದರಿಂದ ಒಂದರಿಂದ ಇನ್ನೊಂದನ್ನು ನೇರವಾಗಿ ಕಳೆಯಲಾಗದು. ಆದರೂ ಕಾನೂನಿಗೆ ಒಳಪಟ್ಟ ಒಂದೇ ಪಟಾಕಿಯು ಹತ್ತನೆಯ ಅಂತಸ್ತಿನ ಕಿಟಕಿಗೂ ಎಂಥ ಆಘಾತವನ್ನು ಒಯ್ಯಬಲ್ಲದೆಂಬುದು ಇದರಿಂದ ವೇದ್ಯವಾಗುತ್ತದೆ. ಎದುರುಬದುರು ಗೋಡೆಗಳಿರುವ ಆವರಣದಲ್ಲಿ ಪ್ರತಿಧ್ವನಿಯೂ ಸೇರುವುದರಿಂದ ಶಬ್ದವು ಬಯಲಿನಲ್ಲಿ ತಗ್ಗುವಷ್ಟು ಸಹ ತಗ್ಗುವುದಿಲ್ಲ.

ಕಾಲಮಿತಿಯ ವಿಷಯದಲ್ಲಿ ನ್ಯಾಯಾಲಯಗಳು ಹಂತಹಂತವಾಗಿ ಮುಂದುವರಿದಿವೆ. ಸರ್ವೋಚ್ಚ ನ್ಯಾಯಾಲಯವು ೨೦೦೫ರ ಜುಲೈ ತಿಂಗಳಿನ ತೀರ್ಪಿನಲ್ಲಿ ರಾತ್ರಿ ೧೦ರಿಂದ ಬೆಳಗಿನ ೬ರವರೆಗೆ ಸದ್ದಿನ ಪಟಾಕಿಗಳನ್ನು ನಿಷೇಧಿಸಿತು. ೨೦೧೮ರ ಅಕ್ಟೋಬರಿನಲ್ಲಿ ದೀಪಾವಳಿಯಂದು ರಾತ್ರಿ ೮ರಿಂದ ೧೦ರವರೆಗೆ ಮಾತ್ರ ಅನುಮತಿಯಿತ್ತು, ಸರಪಟಾಕಿಗಳನ್ನೂ ಬೇರಿಯಮ್ ಲವಣಗಳ ಬಳಕೆಯನ್ನೂ ತಡೆಯಿತು; ಬೆಳಗಿನ ಹೊತ್ತು ಪಟಾಕಿ ಹಚ್ಚುವ ಸಂಪ್ರದಾಯವಿರುವ ತಮಿಳುನಾಡಿನಂಥ ರಾಜ್ಯಗಳಿಗೆ ಆ ಎರಡು ಗಂಟೆಗಳನ್ನು ತಾವೇ ಗೊತ್ತುಪಡಿಸಿಕೊಳ್ಳುವ ಅವಕಾಶವನ್ನು ಕೆಲವು ದಿನಗಳಲ್ಲಿಯೇ ನೀಡಿತು. ೨೦೨೩ರ ನವೆಂಬರಿನಲ್ಲಿ ಮುಂಬಯಿ ಉಚ್ಚ ನ್ಯಾಯಾಲಯವೂ ರಾತ್ರಿ ೮ರಿಂದ ೧೦ರ ಮಿತಿಯನ್ನು ವಿಧಿಸಿತು. ‘ಹಸಿರು ಪಟಾಕಿ’ ಎಂಬುದು ಹೊಗೆ, ಧೂಳುಗಳನ್ನು ತಗ್ಗಿಸಲು ರೂಪಿಸಿದ್ದು; ಅದು ಸದ್ದಿಲ್ಲದ ಪಟಾಕಿಯೆಂದು ಭ್ರಮಿಸಬಾರದು. ಈ ಆಜ್ಞೆಗಳಿಂದ ಸಾಕುಪ್ರಾಣಿಗಳಿಗೆ ಆಗುವ ಮುಖ್ಯ ಪ್ರಯೋಜನವೆಂದರೆ ಸದ್ದಿನ ವೇಳೆ ಬಹುಮಟ್ಟಿಗೆ ಮುಂಚಿತವಾಗಿ ತಿಳಿಯುವುದು. ತಿಳಿದ ಅಪಾಯಕ್ಕೆ ಸಿದ್ಧತೆ ಸಾಧ್ಯ.

ಭಯದ ಸ್ವರೂಪ ಮತ್ತು ಮೂರು ತಪ್ಪು ತಿಳಿವಳಿಕೆಗಳು

ಅನಿರೀಕ್ಷಿತವಾದ ಭಾರೀ ಸದ್ದನ್ನು ಕೇಳಿದೊಡನೆ ಪ್ರಾಣಿಯ ದೇಹವು ಜೀವಾಪಾಯ ಒದಗಿತೆಂದೇ ಭಾವಿಸಿ ಸಜ್ಜಾಗುತ್ತದೆ. ಅಡ್ರಿನಲಿನ್ ಸ್ರವಿಸಿ ಹೃದಯದ ಬಡಿತ ಏರುತ್ತದೆ, ಉಸಿರು ತೀವ್ರವಾಗುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಏದುವುದು, ಜೊಲ್ಲು ಸುರಿಸುವುದು, ಬಾಲವನ್ನು ಕಾಲುಗಳ ನಡುವೆ ಸೇರಿಸುವುದು, ಬಾಗಿಲು ಕೆರೆಯುವುದು, ಇದ್ದಲ್ಲಿಯೇ ಮೂತ್ರ ಮಾಡುವುದು, ಆಹಾರ ನಿರಾಕರಿಸುವುದು, ಇವೆಲ್ಲವೂ ಭಯದ ಲಕ್ಷಣಗಳು. ಇವುಗಳಲ್ಲಿ ಹಟವಾಗಲಿ ಅವಿಧೇಯತೆಯಾಗಲಿ ಇಲ್ಲ. ಆದ್ದರಿಂದ ಗದರಿಸುವುದರಿಂದ ಹಾನಿಯೇ ಹೊರತು ಪ್ರಯೋಜನವಿಲ್ಲ.

ಈ ವಿಷಯದಲ್ಲಿ ಮೂರು ತಪ್ಪು ತಿಳಿವಳಿಕೆಗಳು ಬೇರೂರಿವೆ. ಕೇಳಿಕೇಳಿ ಅಭ್ಯಾಸವಾಗುತ್ತದೆಂಬುದು ಮೊದಲನೆಯದು. ಅನೇಕ ನಾಯಿಗಳಲ್ಲಿ ಆಗುವುದು ಇದಕ್ಕೆ ವಿಪರೀತ. ವರ್ಷ ಕಳೆದಂತೆ ಭಯ ಹೆಚ್ಚಿ, ಬಾಗಿಲು ದಡಕ್ಕನೆ ಹಾಕಿದರೂ ಗುಡುಗು ಕೇಳಿದರೂ ಬೆಚ್ಚುವಂತಾಗುತ್ತವೆ. ಮುದ್ದಿಸಿ ಸಮಾಧಾನಪಡಿಸಿದರೆ ಅಂಜುಬುರುಕತನ ಬಲಿಯುತ್ತದೆಂಬುದು ಎರಡನೆಯದು. ಭಯವು ಬುದ್ಧಿಪೂರ್ವಕವಾಗಿ ಮಾಡುವ ಕೆಲಸವಲ್ಲ. ಅಕ್ಕರೆಯನ್ನು ಬಹುಮಾನವೆಂದು ಎಣಿಸಿ ಪ್ರಾಣಿಯು ಅದನ್ನು ಹೆಚ್ಚಿಸಿಕೊಳ್ಳುವುದಿಲ್ಲ. ಹತ್ತಿರ ಬಂದ ಪ್ರಾಣಿಗೆ ಆಸರೆ ಕೊಡುವುದೇ ಯುಕ್ತ; ಅವಿತುಕೊಂಡಿರುವುದನ್ನು ಮಾತ್ರ ಹೊರಗೆಳೆಯಬಾರದು. ಮನೆಯಲ್ಲಿರುವ ಯಾವುದೋ ನಿದ್ರೆಯ ಗುಳಿಗೆಯನ್ನು ಕೊಟ್ಟರಾಯಿತು ಎಂಬುದು ಮೂರನೆಯದು ಮತ್ತು ಅತ್ಯಂತ ಅಪಾಯಕರವಾದುದು. ಮನುಷ್ಯರಿಗಾಗಿ ಇರುವ ಔಷಧವು ಪ್ರಾಣಿಗೆ ವಿಷವಾಗಬಹುದು. ಹಿಂದೆ ಪಶುವೈದ್ಯರೂ ಬಳಸುತ್ತಿದ್ದ ಅಸಿಪ್ರೊಮಜಿನ್ ಎಂಬ ಮಂಪರಿನ ಔಷಧವು ಮೈಯನ್ನು ಕಟ್ಟಿಹಾಕುತ್ತದೆಯೇ ಹೊರತು ಭಯವನ್ನು ಕಳೆಯುವುದಿಲ್ಲ; ಅಲುಗಾಡಲಾರದ ಪ್ರಾಣಿ ಒಳಗೊಳಗೇ ಅಂಜುತ್ತಿರುತ್ತದೆ. ಈ ಕಾರಣದಿಂದ ಅದೊಂದನ್ನೇ ಕೊಡುವ ಕ್ರಮವು ಈಗ ಮಾನ್ಯವಾಗಿಲ್ಲ. ಭಯವನ್ನೇ ತಗ್ಗಿಸುವ ಬೇರೆ ಔಷಧಗಳುಂಟು. ಅವನ್ನು ಪ್ರಾಣಿಯ ತೂಕ, ವಯಸ್ಸು, ಹೃದಯ ಮೂತ್ರಪಿಂಡಗಳ ಸ್ಥಿತಿಗಳನ್ನು ನೋಡಿ ಪಶುವೈದ್ಯನೇ ಬರೆದುಕೊಡಬೇಕು. ಹಬ್ಬಕ್ಕೆ ಕೆಲವು ದಿನ ಮೊದಲೇ ಒಮ್ಮೆ ಕೊಟ್ಟು ಪರಿಣಾಮವನ್ನು ಗಮನಿಸಿರಬೇಕು.

ಹಬ್ಬಕ್ಕೆ ಮೊದಲಿನ ಸಿದ್ಧತೆ

ಹಬ್ಬದ ರಾತ್ರಿ ಬೇಕಾಗುವ ಧೈರ್ಯವನ್ನು ತಿಂಗಳುಗಳ ಮೊದಲೇ ಸ್ವಲ್ಪಸ್ವಲ್ಪವಾಗಿ ಜಮಾ ಮಾಡುತ್ತ ಬರಬೇಕು. ಪಟಾಕಿಯ ಸದ್ದಿನ ಧ್ವನಿಮುದ್ರಣವನ್ನು ಪ್ರಾಣಿಯು ಲೆಕ್ಕಿಸದಷ್ಟು ಮೆಲ್ಲಗೆ ನುಡಿಸಿ, ಜೊತೆಜೊತೆಗೆ ಅದಕ್ಕೆ ಪ್ರಿಯವಾದ ತಿನಿಸನ್ನು ಕೊಡುವುದು. ಹಲವು ದಿನಗಳ ಮೇಲೆ ಧ್ವನಿಯನ್ನು ಕೊಂಚ ಏರಿಸುವುದು. ಅಂಜಿಕೆಯ ಸುಳಿವು ಕಂಡೊಡನೆ ಹಿಂದಿನ ಮಟ್ಟಕ್ಕೆ ಇಳಿಸುವುದು, ಇದು ಇದರ ಕ್ರಮ. ಇದಕ್ಕೂ ಸುಲಭವಾದುದು ನಿಜವಾದ ಸದ್ದು ಕೇಳಿಸಿದ ಪ್ರತಿಸಲವೂ ಕೂಡಲೇ ತಿನಿಸು ಕೊಡುವುದು ಅಥವಾ ಆಟವಾಡಿಸುವುದು. ಸ್ವಿಟ್ಜರ್ಲೆಂಡಿನ ಬರ್ನ್ ವಿಶ್ವವಿದ್ಯಾಲಯದಿಂದ ೨೦೨೦ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಸಾವಿರಕ್ಕೂ ಮೀರಿ ನಾಯಿಯ ಯಜಮಾನರು ಉತ್ತರಿಸಿದ್ದರು. ಈ ಸರಳ ಉಪಾಯವನ್ನು ಕೈಗೊಂಡವರಲ್ಲಿ ನೂರಕ್ಕೆ ೭೦ರಷ್ಟು ಮಂದಿ ಅದು ಫಲಕಾರಿಯಾಯಿತೆಂದು ತಿಳಿಸಿದರು.

ಎರಡನೆಯ ಸಿದ್ಧತೆ ಗುರುತಿನದು. ಕೊರಳಪಟ್ಟಿಗೆ ಯಜಮಾನನ ದೂರವಾಣಿ ಸಂಖ್ಯೆ ಕೊರೆದ ಬಿಲ್ಲೆಯಿರಬೇಕು. ಪಟ್ಟಿಯು ಕಳಚಿಹೋಗಬಹುದಾದ್ದರಿಂದ ಚರ್ಮದಡಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಗುರುತಿನ ಮೈಕ್ರೋಚಿಪ್ಪನ್ನು ಪಶುವೈದ್ಯನಿಂದ ಸೇರಿಸಿಸುವುದು ಇನ್ನೂ ಭದ್ರ. ಪ್ರಾಣಿಯ ಇತ್ತೀಚಿನ ಛಾಯಾಚಿತ್ರವೊಂದು ಕೈಯಲ್ಲಿರಬೇಕು.

ಮೂರನೆಯದು ಆಶ್ರಯಸ್ಥಾನ. ಮನೆಯಲ್ಲಿ ರಸ್ತೆಗೂ ಆವರಣಕ್ಕೂ ದೂರವಾದ ಒಳಕೋಣೆಯನ್ನು ಆರಿಸಬೇಕು. ಒಂದೇ ಕೋಣೆಯ ಮನೆಯಾದರೆ ಮಂಚದಡಿ, ಮೇಜಿನಡಿ, ಬಚ್ಚಲಮನೆ ಸಾಕು. ಹಳೆಯ ಕಂಬಳಿ, ಯಜಮಾನನ ಉಟ್ಟ ಬಟ್ಟೆಯೊಂದು, ನೀರು ಅಲ್ಲಿರಬೇಕು. ಬೆಕ್ಕಿಗೆ ಅದರ ಮರಳಿನ ತಟ್ಟೆಯೂ ಬೇಕು. ಕಿಟಕಿ ಮುಚ್ಚಿ ದಪ್ಪ ಪರದೆ ಎಳೆದರೆ ಸದ್ದಿನೊಂದಿಗೆ ಮಿಂಚುವ ಬೆಳಕೂ ಕಡಿಮೆಯಾಗುತ್ತದೆ. ಮುಂಬಯಿಯಂಥ ಊರಿನಲ್ಲಿ ಅಕ್ಟೋಬರಿನ ಸೆಕೆ ಕಡಿಮೆಯದಲ್ಲ. ಮುಚ್ಚಿದ ಕೋಣೆಯಲ್ಲಿ ಬೀಸಣಿಗೆ ತಿರುಗುತ್ತಿರುವುದು ಅವಶ್ಯ. ಅದರ ಗುಂಯ್‌ಗುಡುವಿಕೆಯೂ ರೇಡಿಯೋದ ಮೆಲುದನಿಯೂ ಹೊರಗಣ ಸದ್ದನ್ನು ಸ್ವಲ್ಪಮಟ್ಟಿಗೆ ಮರೆಸುತ್ತವೆ. ಬಾಗಿಲಿಗೆ ಹೊರಗಿನಿಂದ ಅಗಳಿ ಹಾಕಿ ಪ್ರಾಣಿಯನ್ನು ಒಂಟಿಯಾಗಿ ಕೂಡಿಹಾಕಬಾರದು. ಹೊರಬರಲು ಯತ್ನಿಸಿ ಉಗುರು ಹಲ್ಲುಗಳನ್ನು ಮುರಿದುಕೊಳ್ಳುವುದುಂಟು.

ಹಬ್ಬದ ದಿನ

ನಾಯಿಯನ್ನು ತಿರುಗಾಡಿಸುವ ಹೊತ್ತನ್ನು ಈ ದಿನಗಳಲ್ಲಿ ಬದಲಿಸಬೇಕು. ಸಂಜೆ ದೀಪ ಹಚ್ಚುವುದಕ್ಕೆ ಬಹಳ ಮೊದಲೇ ಅದರ ತಿರುಗಾಟ, ಊಟ ಎರಡೂ ಮುಗಿದಿರಬೇಕು. ನರಕಚತುರ್ದಶಿಯ ಮುಂಜಾವನ್ನು ಬಹುಮಂದಿ ಮರೆಯುತ್ತಾರೆ. ಅಭ್ಯಂಜನ ಮುಗಿಸಿದ ಮಕ್ಕಳು ಇನ್ನೂ ಕತ್ತಲಿರುವಾಗಲೇ ಪಟಾಕಿ ಹಚ್ಚುತ್ತಾರೆ. ನಾಯಿಗಳು ಹೊರಹೊರಡುವ ನಿತ್ಯದ ಹೊತ್ತೂ ಅದೇ. ಎಷ್ಟೇ ಪಳಗಿದ ನಾಯಿಯಾದರೂ ಈ ದಿನಗಳಲ್ಲಿ ಹಗ್ಗ ಬಿಚ್ಚಿ ಬಿಡಬಾರದು. ಹೆದರಿದ ನಾಯಿ ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ತಲೆ ತಪ್ಪಿಸಿಕೊಳ್ಳಬಲ್ಲುದರಿಂದ ಎದೆಯನ್ನು ಬಳಸುವ ಪಟ್ಟಿಯನ್ನೂ ಹಾಕುವುದು ಲೇಸು.

ಹಬ್ಬವೆಂದರೆ ಅತಿಥಿಗಳ ಆಗಮನ. ಬಾಗಿಲು ಮತ್ತೆಮತ್ತೆ ತೆರೆಯುತ್ತದೆ. ಪ್ರಾಣಿ ತಪ್ಪಿಸಿಕೊಳ್ಳುವುದು ಬಹುಮಟ್ಟಿಗೆ ಆ ಗಳಿಗೆಯಲ್ಲಿಯೇ. ಬಾಗಿಲನ್ನು ನೋಡಿಕೊಳ್ಳುವ ಹೊಣೆಯನ್ನು ಮನೆಯ ಒಬ್ಬರಿಗೆ ವಹಿಸಿಕೊಡಬೇಕು. ಎಲ್ಲರ ಹೊಣೆಯಾದದ್ದು ಯಾರ ಹೊಣೆಯೂ ಆಗುವುದಿಲ್ಲ. ಮೇಲಂತಸ್ತಿನ ಮನೆಗಳಲ್ಲಿ ಬಾಲ್ಕನಿಯ ಬಾಗಿಲನ್ನೂ ಮುಚ್ಚಿಡಬೇಕು. ಬೆದರಿದ ಬೆಕ್ಕು ಎತ್ತರವನ್ನು ನೋಡದೆ ಜಿಗಿಯುತ್ತದೆ.

ಹಬ್ಬದಡುಗೆಯಲ್ಲಿಯೂ ಅಪಾಯಗಳುಂಟು. ಉಡುಗೊರೆಯಾಗಿ ಬರುವ ಚಾಕೊಲೇಟಿನಲ್ಲಿರುವ ಥಿಯೊಬ್ರೊಮಿನ್ ನಾಯಿಯ ಹೃದಯವನ್ನೂ ನರಮಂಡಲವನ್ನೂ ಕೆಡಿಸುತ್ತದೆ. ಲಾಡು, ಪಾಯಸಗಳಲ್ಲಿ ಬೀಳುವ ಒಣದ್ರಾಕ್ಷಿಯಿಂದ ನಾಯಿಯ ಮೂತ್ರಪಿಂಡಗಳು ನಿಷ್ಕ್ರಿಯವಾಗಬಹುದು. ಈರುಳ್ಳಿ, ಬೆಳ್ಳುಳ್ಳಿಗಳು ನಾಯಿ ಬೆಕ್ಕುಗಳ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಸಕ್ಕರೆಯಿಲ್ಲದ್ದೆಂದು ಮಾರುವ ಕೆಲವು ಸಿಹಿಗಳಲ್ಲಿ ಬಳಸುವ ಕ್ಸೈಲಿಟಾಲ್ ನಾಯಿಯ ರಕ್ತದ ಸಕ್ಕರೆಯನ್ನು ಹಠಾತ್ತನೆ ಇಳಿಸುತ್ತದೆ. ಚಕ್ಕುಲಿ, ಕರ್ಜಿಕಾಯಿಗಳಂಥ ಕರಿದ ತಿಂಡಿಗಳು ಮೇದೋಜೀರಕಾಂಗದ ಉರಿಯೂತಕ್ಕೆ ದಾರಿಮಾಡಬಲ್ಲವು. ಹೂಗುಚ್ಛಗಳಲ್ಲಿ ಬರುವ ಲಿಲಿ ಹೂವಿನ ಪರಾಗವೂ ಬೆಕ್ಕಿಗೆ ಮಾರಕ. ಆದ್ದರಿಂದ ಅತಿಥಿಗಳು, ಅದರಲ್ಲಿಯೂ ಮಕ್ಕಳು, ಪ್ರಾಣಿಗೆ ಏನನ್ನೂ ತಿನ್ನಿಸದಂತೆ ಮೊದಲೇ ತಿಳಿಸಬೇಕು. ನೆಲದ ಮೇಲಿನ ಹಣತೆಗಳು ನಾಯಿಯ ಬಾಲಕ್ಕೆ ಸಿಗುವ ಎತ್ತರದಲ್ಲಿರುತ್ತವೆಂಬುದನ್ನೂ ಮರೆಯಬಾರದು.

ಮರುದಿನ ಬೆಳಗ್ಗೆ ಆವರಣದಲ್ಲಿ ಸಿಡಿಯದೆ ಉಳಿದ ಪಟಾಕಿಗಳು, ಮದ್ದಿನ ಪುಡಿ, ಕಾದಾರಿದ ಸುರುಸುರುಬತ್ತಿಯ ತಂತಿಗಳು ಬಿದ್ದಿರುತ್ತವೆ. ಅವನ್ನು ಗುಡಿಸಿದ ಮೇಲೆಯೇ ನಾಯಿಯನ್ನು ಇಳಿಸಬೇಕು. ನಿಷೇಧವಿದ್ದರೂ ಕೆಲವು ಪಟಾಕಿಗಳಲ್ಲಿ ಬೇರಿಯಮ್ ಲವಣವಿರುವುದುಂಟು. ಅದು ಹೊಟ್ಟೆಗೆ ಹೋದರೆ ರಕ್ತದ ಪೊಟ್ಯಾಸಿಯಮ್ ಕುಸಿದು ಸ್ನಾಯುಗಳು ಸೋಲುತ್ತವೆ.

ಪಂಜರದ ಪಕ್ಷಿಗಳಿಗೆ ಸದ್ದಿನ ಜೊತೆಗೆ ಹೊಗೆಯ ಬಾಧೆಯೂ ಉಂಟು. ಅವುಗಳ ಶ್ವಾಸವ್ಯವಸ್ಥೆ ಅತಿ ಸೂಕ್ಷ್ಮವಾದುದು. ಪಂಜರವನ್ನು ಬಾಲ್ಕನಿಯಿಂದ ಒಳಕ್ಕೆ ತಂದು, ಗಾಳಿಯಾಡುವಂತೆ ಬಟ್ಟೆ ಹೊದಿಸಿ, ಸಣ್ಣ ದೀಪವೊಂದನ್ನು ಉರಿಸಿಡಬೇಕು. ಪೂರ್ಣ ಕತ್ತಲಲ್ಲಿ ಬೆದರಿದ ಹಕ್ಕಿ ಸಲಾಕಿಗಳಿಗೆ ಬಡಿದುಕೊಳ್ಳುತ್ತದೆ. ಮೊಲವು ಹೆದರಿದಾಗ ಸದ್ದುಮಾಡದೆ ಮರಗಟ್ಟಿ ಕೂರುವುದರಿಂದ ಅದು ಶಾಂತವಾಗಿದೆಯೆಂದು ನೋಡುವವರು ಮೋಸಹೋಗುತ್ತಾರೆ. ಅದು ಹುಲ್ಲು ತಿನ್ನುವುದನ್ನು ನಿಲ್ಲಿಸಿದರೆ ತಡಮಾಡದೆ ವೈದ್ಯನ ಬಳಿಗೆ ಒಯ್ಯಬೇಕು.

ಅವಘಡವಾದಾಗ

ಸುಟ್ಟ ಗಾಯಕ್ಕೆ ತಣ್ಣೀರನ್ನು ಕೆಲವು ನಿಮಿಷ ಮೆಲ್ಲಗೆ ಹರಿಸಿ, ಸ್ವಚ್ಛವಾದ ಒದ್ದೆ ಬಟ್ಟೆ ಹೊದಿಸಿ, ಪಶುವೈದ್ಯನಲ್ಲಿಗೆ ಒಯ್ಯತಕ್ಕದ್ದು. ಬೆಣ್ಣೆ, ಎಣ್ಣೆ, ಮಂಜುಗಡ್ಡೆಗಳನ್ನು ಹಚ್ಚಬಾರದು. ವಿಷಪದಾರ್ಥ ತಿಂದಿದ್ದರೆ ಮನೆಯಲ್ಲಿಯೇ ವಾಂತಿ ಮಾಡಿಸಲೆತ್ನಿಸದೆ, ತಿಂದ ವಸ್ತುವಿನ ಹೊದಿಕೆಯೊಡನೆ ಆಸ್ಪತ್ರೆಗೆ ಹೋಗಬೇಕು. ಹಬ್ಬದ ರಾತ್ರಿ ತೆರೆದಿರುವ ಚಿಕಿತ್ಸಾಲಯ ಯಾವುದೆಂಬುದನ್ನು ಮೊದಲೇ ವಿಚಾರಿಸಿ ಬರೆದಿಟ್ಟುಕೊಳ್ಳುವುದು ವಿವೇಕ. ಮುಂಬಯಿಯಲ್ಲಿ ೧೮೭೪ರಲ್ಲಿ ಸ್ಥಾಪಿತವಾದ ಪ್ರಾಣಿಹಿಂಸಾ ನಿವಾರಣ ಸಂಘದ ಪರೆಲ್ ಆಸ್ಪತ್ರೆಯಂತೆ ಬೇರೆ ನಗರಗಳಲ್ಲಿಯೂ ಇಂಥ ಸಂಸ್ಥೆಗಳುಂಟು. ಕಳೆದುಹೋದ ಬೆಕ್ಕು ಸಾಮಾನ್ಯವಾಗಿ ಮನೆಯ ಸಮೀಪದಲ್ಲಿಯೇ ಅವಿತಿರುತ್ತದೆ; ಮಧ್ಯರಾತ್ರಿಯ ನಿಶ್ಶಬ್ದದಲ್ಲಿ ಮೆಲ್ಲಗೆ ಕರೆಯುತ್ತ ಹುಡುಕಬೇಕು. ನಾಯಿ ಬಹುದೂರ ಓಡಿರಬಹುದು. ಅಟ್ಟಿಸಿಕೊಂಡು ಹೋದರೆ ಇನ್ನೂ ದೂರವಾಗುತ್ತದೆ.

ಮನೆಯಿಲ್ಲದ ಬೀದಿನಾಯಿಗಳಿಗೆ ಒಳಕೋಣೆಯೆಂಬುದಿಲ್ಲ. ಅವು ಹಬ್ಬದ ರಾತ್ರಿ ಕಟ್ಟಡದ ಮೆಟ್ಟಿಲಡಿಯಲ್ಲಿ ಬಂದು ಮಲಗಿದರೆ ಅಟ್ಟದಿರುವುದೇ ದೊಡ್ಡ ಉಪಕಾರ. ಅವುಗಳ ಬಾಲಕ್ಕೆ ಪಟಾಕಿ ಕಟ್ಟುವ ಹುಡುಗಾಟವು ೧೯೬೦ರ ಪ್ರಾಣಿಹಿಂಸಾ ನಿವಾರಣ ಶಾಸನದ ಪ್ರಕಾರ ಅಪರಾಧ. ರಾಜ್ಯಸಭೆಯ ಸದಸ್ಯೆಯಾಗಿದ್ದ ರುಕ್ಮಿಣೀದೇವಿ ಅರುಂಡೇಲರು ಮೊದಲು ಮಂಡಿಸಿದ ಖಾಸಗಿ ಮಸೂದೆಯೇ ಆ ಶಾಸನಕ್ಕೆ ಪ್ರೇರಣೆಯಾಯಿತು.

ನೆರೆಹೊರೆಯ ಕರ್ತವ್ಯ

ಒಂದು ಮನೆಯವರು ಎಷ್ಟೇ ಎಚ್ಚರ ವಹಿಸಿದರೂ ಆವರಣ ಎಲ್ಲರದು. ಆದ್ದರಿಂದ ಕಟ್ಟಡದ ನಿವಾಸಿಗಳು ಹಬ್ಬಕ್ಕೆ ಮೊದಲೇ ಸಭೆ ಸೇರಿ ಒಂದು ಸ್ಥಳ, ಒಂದು ಹೊತ್ತು ಗೊತ್ತುಮಾಡಿಕೊಳ್ಳುವುದು ಉಚಿತ. ಆ ಸ್ಥಳವು ಕಟ್ಟಡಗಳಿಂದ ಆದಷ್ಟು ದೂರದ ಮೈದಾನವಾದರೆ, ಮೇಲೆ ಹೇಳಿದ ಲೆಕ್ಕದಂತೆ, ದೂರವು ಇಮ್ಮಡಿಯಾದಷ್ಟೂ ಮನೆಗೆ ಮುಟ್ಟುವ ಸದ್ದು ತಗ್ಗುತ್ತದೆ. ಮತಾಪು, ಹೂಕುಂಡ, ಭೂಚಕ್ರಗಳು ಮಕ್ಕಳ ಕಣ್ಣಿಗೆ ಸಾಕಷ್ಟು ಹಬ್ಬವನ್ನು ಕೊಡುತ್ತವೆ. ಇದರಿಂದ ಶಿಶುಗಳಿಗೆ, ವೃದ್ಧರಿಗೆ, ಹೃದ್ರೋಗಿಗಳಿಗೆ ಒದಗುವ ನೆಮ್ಮದಿಯೂ ಅಲ್ಪವಲ್ಲ.

ಸಾಕಿದ ಪ್ರಾಣಿಯ ಹೊಣೆ ಯಜಮಾನನದೆಂಬ ವಿಚಾರ ಕನ್ನಡಿಗರಿಗೆ ಹೊಸದಲ್ಲ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿರುವ ಕ್ರಿ. ಶ. ೯೪೯-೫೦ರ ವೀರಗಲ್ಲು ಒಂದು ನಾಯಿಯ ಸ್ಮಾರಕವೂ ಹೌದು. ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ಮೆರೆದ ಮಣಲೆರನು ಗಂಗ ದೊರೆ ಬೂತುಗನಿಂದ ಬೇಡಿ ಪಡೆದದ್ದು ಕಾಳಿ ಎಂಬ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಎರಡೂ ಮಡಿದವು. ಯಜಮಾನನು ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದನು. ಆ ಭೂಮಿಯನ್ನು ನೋಡಿಕೊಳ್ಳುವ ಗೊರವನು ಕಲ್ಲಿಗೆ ಪೂಜೆ ಸಲ್ಲಿಸದೆ ಉಂಡರೆ ಪಾಪಕ್ಕೆ ಗುರಿಯಾಗುವನೆಂದು ಶಾಸನವು ವಿಧಿಸುತ್ತದೆ. ಸತ್ತ ನಾಯಿಯ ನೆನಪಿಗೆ ಸಲ್ಲಬೇಕಾದುದು ಸಲ್ಲಿದ ಮೇಲೆಯೇ ಊಟ ಎಂಬುದು ಅಂದಿನ ನಿಯಮ. ಹಬ್ಬದ ಸಂಜೆ ಎಲೆಯ ಮುಂದೆ ಕೂಡುವುದಕ್ಕೆ ಮೊದಲು ಒಳಕೋಣೆಯ ಕಿಟಕಿ ಮುಚ್ಚಿದೆಯೇ, ಕಂಬಳಿಯ ಬಳಿ ನೀರಿದೆಯೇ ಎಂದು ನೋಡಿಬರುವುದು ಬದುಕಿರುವ ನಾಯಿಗೆ ಸಲ್ಲಬೇಕಾದ ಅಷ್ಟೇ ಸರಳವಾದ ಋಣ.